ಪಾಲಕರ ಹೆಸರು

ಅಕ್ಕಲಕೋಟ
12 ಜುಲೈ 1954

ಗೆಳತಿ ಸೋನಾಗೆ,

ನಾವೆಲ್ಲ ಸುಖವಾಗಿದ್ದೇವೆ ಎಂದು ಬರೆಯುವುದು ಪದ್ಧತಿ. ಆದರೆ ಧಾರವಾಡದ ಟ್ರೇನಿಂಗ ಕಾಲೇಜಿನಲ್ಲಿ ಒಂದು ವರ್ಷ ಒಂದೇ ಕೋಣೆಯಲ್ಲಿ ಇದ್ದ ನಿನಗೆ ಸುಳ್ಳು ಯಾಕೆ ಬರೆಯಲಿ. ನಾನು ಮತ್ತೆ ಬಸುರಿ, ಐದು ತುಂಬಿದೆ. ಕಾಲು ಬಾತುಕೊಂಡಿವೆ. ಇಡೀ ದಿನ ಸಾಲಿಯಲ್ಲಿ ಕಲಿಸುತ್ತ ನಿಂತು ಮನೆಗೆ ಬಂದರೆ ಅತ್ತೆ ಒಂದು ಕೊಡ ನೀರು ಎತ್ತಿರುವುದಿಲ್ಲ. ಇವರು ಅಡತಿ ಅಂಗಡಿಯ ಗುಮಾಸ್ತಿಕೆ ಮುಗಿಸಿ ಬಂದವರು ಊಟಕ್ಕೆ ಎಂದು ಕೂತೇ ಬಿಡುತ್ತಾರೆ.

ಒಂದು ಕೆಲಸ ಮಾಡು. ಮಗಳು ಗಂಗೂನನ್ನು ಒಂದು ತಿಂಗಳು ನಿನ್ನ ಹತ್ತಿರ ಇಟ್ಟುಕೋ. ದೊಡ್ಡವ ಕಲ್ಲಣ್ಣನನ್ನು ಕಳಿಸಲು ಅತ್ತೆ ಒಪ್ಪುವುದಿಲ್ಲ, ಗಂಡುಮಗ. ಗಂಗೂಗೆ ಆರು ತುಂಬಿವೆ, ಇನ್ನೂ ಸಾಲಿಗೆ ಹಾಕಿಲ್ಲ, ನಿನ್ನ ಹನ್ನೂರ ಸಾಲಿಯಲ್ಲಿ ನೀನೇ ಹಾಕಿಕೋ. ಆದರೆ ನಿನ್ನ ದಾಖಲೆ ಪುಸ್ತಕದಲ್ಲಿ ನನ್ನ ಹೆಸರಾಗಲಿ ಇವರ ಹೆಸರಾಗಲಿ ಬರಕೂಡದು. ಸಣ್ಣ ಮಕ್ಕಳಿದ್ದು ಸಾಲಿ ಕಲಿಸುವ ಬಾಯಿಯರನ್ನು ಹಳ್ಳಿಗೆ ಹಾಕಬಾರದು ಎಂದು ಸ್ಕೂಲ್ ಬೋರ್ಡಿನ ಠರಾವು ಇದೆಯಲ್ಲ, ಅದರ ಮೇಲೇ ನಾನು ಊರಲ್ಲಿ ಉಳಿದಿದ್ದೇನೆ. ಮಗಳೇ ಹನ್ನೂರಲ್ಲಿ ಇರುವಾಗ ತಾಯಿಗೇಕೆ ಅಕ್ಕಲಕೋಟ ಎಂದು ಯಾರಾದರೂ ಕೇಳಿದರೆ ನಾನು ಏನು ಹೇಳಲಿ? ಪಾಲಕರ ಹೆಸರಿನ ಜಾಗದಲ್ಲಿ ನಿನ್ನ ಹೆಸರೇ ಹಾಕು. ಸಂಬಂಧ ಕೇಳಿದರೆ ಸಾಕಿಕೊಂಡಿದ್ದೇನೆ ಎಂದು ಬರೆ. ನಿನಗೇನು, ಒಂಟಿ ಜೀವ, ಮನೆಯಲ್ಲಿ ಒಂದು ಮಾತಾದರೂ ಕೇಳಿಸುತ್ತದೆ.

ನಿನ್ನ
ಲಕ್ಷ್ಮೀ


ಹನ್ನೂರ
21 ಜುಲೈ 1954

ಲಕ್ಷ್ಮೀ,

ನಿನ್ನ ಮಗಳು ಬಂದು ಮುಟ್ಟಿದಳು. ಕಚೇರಿಯ ಸಿಪಾಯಿ ಬಸಯ್ಯ ಅವಳನ್ನು ಸೈಕಲ್ಲಿನ ಮುಂದೆ ಕೂಡಿಸಿ, ಹಲಗೆಗೆ ಬರೆಯುವ ಖಡುವಿನ ಎರಡು ಪೆಟ್ಟಿಗೆ ಹಿಂದೆ ಕಟ್ಟಿಕೊಂಡು ಬಂದ. "ಇವು ನಿಮಗ ಕೊಡೂವು ನೋಡ್ರಿ ಬಾಯಾರ" ಎಂದು ಮೂರನ್ನೂ ಕಟ್ಟೆಯ ಮೇಲೆ ಇಳಿಸಿದ. ಖಡುವಿಗೆ ಮಾತ್ರ ರಶೀದಿ ಕೇಳಿದ.

ಉಡಲು ಒಂದು ಪರಕಾರ, ತೊಡಲು ಎರಡು ಪೋಲಕ, ತಲೆ ತುಂಬ ಹೇನು. ಹೇನಿನ ವಿಷಯ ನಿನ್ನ ಕಾಗದದಲ್ಲಿ ಇರಲಿಲ್ಲ.

ನೀನು ಹೇಳಿದಂತೆ ಬರೆದಿದ್ದೇನೆ. ಹೆಸರು: ಗಂಗುಬಾಯಿ. ಪಾಲಕರು: ಸೋನಾಬಾಯಿ. ಸಂಬಂಧ: ಸಾಕುಮಗಳು. ಆ ಪುಸ್ತಕದಲ್ಲಿ ಪೆನ್ಸಿಲ್ ನಡೆಯುವುದಿಲ್ಲ, ಶಾಯಿಯಲ್ಲೇ ಬರೆದೆ. ನನ್ನ ನೌಕರಿಯಲ್ಲಿ ನಾನು ಬರೆದ ಮೊದಲ ಸುಳ್ಳು ಇದು, ಅದೂ ನಿನ್ನ ನೌಕರಿ ಉಳಿಸುವುದಕ್ಕೆ. ಒಂದು ತಿಂಗಳು ಎಂದರೆ ಒಂದು ತಿಂಗಳು.

ಇನ್ನೊಂದು. ನನ್ನ ಮನೆಯಲ್ಲಿ ಮಾತು ಕೇಳಿಸುವುದಿಲ್ಲ ಎಂದು ನಿನಗೆ ಯಾರು ಹೇಳಿದರು? ನಾನು ಒಬ್ಬಳೇ ಇದ್ದಾಗ ಬೋರ್ಡಿನವರನ್ನು ಬೈಯುತ್ತಿರುತ್ತೇನೆ. ಇನ್ನು ಸ್ವಲ್ಪ ಮೆಲ್ಲಗೆ ಬೈಯಬೇಕು, ಅಷ್ಟೇ ವ್ಯತ್ಯಾಸ.

ಸೋನಾಬಾಯಿ


ಅಕ್ಕಲಕೋಟ
10 ನವೆಂಬರ 1954

ಪ್ರೀತಿಯ ಸೋನಾ,

ಗಂಡು ಹುಟ್ಟಿದೆ. ನಾನೂ ಮಗುವೂ ಚೆನ್ನಾಗಿದ್ದೇವೆ. ಬರುವ ಸೋಮವಾರ ತೊಟ್ಟಿಲು.

ಸಾಲಿಯ ನಾಲ್ಕೂ ಬಾಯಿಯರು ತೊಟ್ಟಿಲಿಗೆ ಬರುತ್ತಾರೆ, ಬರದಿದ್ದರೆ ಅತ್ತೆ ಮುನಿಸಿಕೊಳ್ಳುತ್ತಾರೆ. ಆದರೆ ಸಾಲಿ ಮುಚ್ಚುವಂತಿಲ್ಲ. ಆ ಒಂದು ದಿನ ನೀನು ಬಂದು ವರ್ಗಗಳನ್ನು ನೋಡಿಕೊಂಡರೆ ದೊಡ್ಡ ಉಪಕಾರ. ನಿನ್ನ ಹನ್ನೂರ ಸಾಲಿಯನ್ನು ಊರ ಮಾಸ್ತರರು ನೋಡಿಕೊಳ್ಳಲಿ. ನಿನ್ನನ್ನು ಮನೆಗೆ ಕರೆಯಬೇಕೆಂದು ನನ್ನ ಜೀವ ಬಡಿದುಕೊಳ್ಳುತ್ತದೆ, ಆದರೆ ಅತ್ತೆಯದು ಹಳೆಯ ಕಾಲದ ತಲೆ, ಹಸಿ ಮಗು ಬೇರೆ. ನೀನು ಓದಿದವಳು, ತಿಳಿದುಕೊಳ್ಳುತ್ತೀ.

ಗಂಗೂನನ್ನು ಈ ಸಲ ತರಬೇಡ. ಗದ್ದಲದಲ್ಲಿ ಅವಳನ್ನು ನೋಡುವವರು ಇರುವುದಿಲ್ಲ.

ನಿನ್ನ
ಲಕ್ಷ್ಮೀ


ಹನ್ನೂರ
17 ನವೆಂಬರ 1954

ಲಕ್ಷ್ಮೀ,

ನೂರಾ ಹತ್ತು ಹುಡುಗಿಯರನ್ನು ಪಡಸಾಲೆಯಲ್ಲಿ ಒಟ್ಟಿಗೆ ಕೂಡಿಸಿ ಮಗ್ಗಿ ಹೇಳಿಸಿದೆ. ಹದಿನಾಲ್ಕರ ಮಗ್ಗಿಗೆ ಬರುವ ಹೊತ್ತಿಗೆ ನಿಮ್ಮ ಓಣಿಯಿಂದ ಜೋಗುಳ ಕೇಳಿಸಿತು. ಹುಡುಗಿಯರು ಮಗ್ಗಿ ಬಿಟ್ಟು ಜೋಗುಳ ಹಿಡಿದರು. ನಾನು ತಡೆಯಲಿಲ್ಲ. ನಿನ್ನ ಮಗನಿಗೆ ನೂರಾ ಹತ್ತು ಹೆಣ್ಣುಮಕ್ಕಳು ಜೋಗುಳ ಹಾಡಿದ್ದಾರೆ ಎಂದು ನಿನ್ನ ಅತ್ತೆಗೆ ಹೇಳು. ಹಾಡಿಸಿದವಳು ಬಂಜೆ ಎಂದು ಮಾತ್ರ ಹೇಳಬೇಡ, ಮಗುವಿಗೆ ದೃಷ್ಟಿ ಆದೀತು.

ಸಂಜೆ ನಾಲ್ಕು ಜನ ಬಾಯಿಯರು ಉಡಿ ತುಂಬಿಸಿಕೊಂಡು, ಎಲೆ ಅಡಿಕೆ ಹಾಕಿ ಕೆಂಪಾದ ಬಾಯಲ್ಲಿ ಬಂದು ಹಾಜರಿ ಪುಸ್ತಕದಲ್ಲಿ ಸಹಿ ಮಾಡಿ ಹೋದರು. ನನ್ನ ಹೆಸರು ಆ ಪುಸ್ತಕದಲ್ಲಿ ಇಲ್ಲದ್ದರಿಂದ ನಾನು ಅಂದು ಎಲ್ಲಿಯೂ ಹಾಜರಿರಲಿಲ್ಲ.

ಕಾಗದದಲ್ಲಿ ಕಟ್ಟಿ ಕಳಿಸಿದ ಗುಗ್ಗರಿ ಮುಟ್ಟಿತು. ಸಾಲಿಯ ಹೊಸ್ತಿಲ ಹೊರಗೆ ಇಟ್ಟು ಹೋದರು. ನಾನು ಅದನ್ನು ಗಂಗೂಗೆ ತಂದುಕೊಟ್ಟೆ. "ಯಾರ ತೊಟ್ಟಲದ್ದ್ರಿ ಬಾಯಾರ?" ಎಂದಳು. ನಿನ್ನ ತಮ್ಮಂದು ಎಂದೆ. ಸ್ವಲ್ಪ ಹೊತ್ತು ಅಗಿದಳು. "ಉಪ್ಪ ಕಡಿಮಿ ಆಗೇತ್ರಿ" ಎಂದಳು.

ನಿನ್ನ ಒಂದು ತಿಂಗಳಿಗೆ ಈಗ ನಾಲ್ಕು ತಿಂಗಳಾಯಿತು.

ಸೋನಾಬಾಯಿ


ಹನ್ನೂರ
20 ಆಗಸ್ಟ 1956

ಅವ್ವನಿಗೆ ಗಂಗುಬಾಯಿಯ ನಮಸ್ಕಾರಗಳು.

ಬಾಯಾರು ಈ ಪತ್ರವನ್ನು ಶುದ್ಧಬರಹಕ್ಕಾಗಿ ಬರೆಸುತ್ತಿದ್ದಾರೆ. ನಾನು ಮೂರನೆಯ ವರ್ಗದಲ್ಲಿ ಮೊದಲನೆಯ ನಂಬರ. ಪಂಚಮಿಗೆ ಬರುತ್ತೇನೆ ಎಂದು ನೀನು ಹೇಳಿದ್ದೆ. ಬರಲಿಲ್ಲ. ಬಾಯಾರು ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿದರು. ಅವರಿಗೆ ಗಿಡ ಏರಲು ಬರುವುದಿಲ್ಲ. ಆದರೂ ಏರಿದರು. ಮೊಣಕೈ ತರಚಿತು. ಉಂಡಿ ಕಟ್ಟಿದರು. ಅವು ಒಡೆದವು. ನಾವು ಪುಡಿಯನ್ನೇ ತಿಂದೆವು. ತಮ್ಮ ಈಗ ನಡೆಯುತ್ತಾನೆಯೇ? ನಾನು ಅವನನ್ನು ಒಂದು ಸಲ ನೋಡಿದ್ದೇನೆ.

ಪ್ರಶ್ನೆಯ ಕೊನೆಗೆ ಪ್ರಶ್ನೆಯ ಗುರುತು ಹಾಕಬೇಕು ಎಂದು ಬಾಯಾರು ಹೇಳಿದ್ದಾರೆ. ಹಾಕಿದ್ದೇನೆ.

ಗಂಗುಬಾಯಿ


ಹನ್ನೂರ
18 ಜನವರಿ 1957

ಲಕ್ಷ್ಮೀ,

ಈ ಸಲ ನಾನು ಕೇಳುವವಳು. ಹತ್ತು ವರ್ಷದಲ್ಲಿ ಮೊದಲ ಸಲ, ಆದ್ದರಿಂದ ಸರಿಯಾಗಿ ಓದು.

ಸುತ್ತೋಲೆ ನಿನಗೂ ಬಂದಿರಬೇಕು. ಧಾರವಾಡ ಬೇರೆ ರಾಜ್ಯಕ್ಕೆ ಹೋದದ್ದರಿಂದ ಕನ್ನಡ ಬಾಯಿಯರ ಮೇಲಿನ ಟ್ರೇನಿಂಗ ಇನ್ನು ಸೋಲಾಪುರದಲ್ಲಿ. ಎರಡು ವರ್ಷ. ಇಡೀ ತಾಲೂಕಿಗೆ ಒಂದೇ ಜಾಗ. ವಸತಿಗೃಹದಲ್ಲೇ ಇರಬೇಕು, ಮಕ್ಕಳನ್ನು ತರುವಂತಿಲ್ಲ, ಆದ್ದರಿಂದ ಮಕ್ಕಳ ಹೊಣೆ ಇಲ್ಲದವರಿಗೆ ಮೊದಲ ಪಾಳಿ. ಮೂವತ್ತೈದು ತುಂಬಿದವರು ಅರ್ಜಿ ಹಾಕುವಂತಿಲ್ಲ. ಬರುವ ಆಗಸ್ಟಿಗೆ ನನಗೆ ಮೂವತ್ತೈದು ತುಂಬುತ್ತವೆ. ಈ ಜೂನ್ ತಪ್ಪಿದರೆ ನನ್ನ ಪಾಲಿಗೆ ಮತ್ತೆ ಜೂನ್ ಇಲ್ಲ.

ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ತಂದ. ಅಪ್ಪ ನನ್ನನ್ನು ಮನೆಗೆ ಕರೆದುಕೊಂಡು ಬಂದು ಏಳನೆಯ ವರ್ಗದ ಮುಲ್ಕಿ ಪರೀಕ್ಷೆಗೆ ಕೂಡಿಸಿದ. ಅಂದಿನಿಂದ ನಾನು ಯಾರ ಮುಂದೆಯೂ ಅತ್ತಿಲ್ಲ. ಬೋರ್ಡಿನವರು ತಡವಳಕ್ಕೆ ಹಾಕಿದರು, ಹೋದೆ. ಹನ್ನೂರಕ್ಕೆ ಹಾಕಿದರು, ಬಂದೆ. ಯಾರದೋ ಬಾಣಂತನ, ಯಾರದೋ ಮಗುವಿಗೆ ದಡಾರ, ಯಾರದೋ ಮಗನ ಜಾವಳ, ಎಲ್ಲದಕ್ಕೂ ಬದಲಿ ಬಾಯಿ ನಾನೇ. ಕಚೇರಿಯ ಮೂಲೆಯಲ್ಲಿ ಒಂದು ಛತ್ರಿ ಇರುತ್ತದಲ್ಲ, ಮಳೆ ಬಂದಾಗ ಯಾರು ಬೇಕಾದರೂ ಒಯ್ಯುತ್ತಾರೆ, ಹಾಗೆ. ಮಕ್ಕಳಿದ್ದವರಿಗೆ ರಜೆ ಕೊಡಬೇಡಿ ಎಂದು ನಾನು ಎಂದೂ ಹೇಳಿಲ್ಲ. ಆ ರಜೆಯೆಲ್ಲ ನನ್ನೊಬ್ಬಳ ಮೈಮೇಲೆ ಯಾಕೆ ಬೀಳಬೇಕು ಎಂದು ಕೇಳುತ್ತಿದ್ದೇನೆ. ಮೇಲಿನ ಟ್ರೇನಿಂಗ ಆದರೆ ನಾನು ಹೆಡ್ ಬಾಯಿ, ಯಾರೂ ನನ್ನನ್ನು ಬದಲಿಗೆ ಓಡಿಸಲಾರರು. ಮೊದಲ ಸಲ ಸರಕಾರದ ಕಾಗದವೊಂದು ನನ್ನ ಬಂಜೆತನವನ್ನು ಅರ್ಹತೆ ಎಂದು ಕರೆದಿದೆ. ಈ ಭಾಗ್ಯ ಮತ್ತೆ ಬರಲಾರದು.

ನೀನು ಅಕ್ಕಲಕೋಟದ ಹಂಗಾಮಿ ಹೆಡ್ ಬಾಯಿ, ನಮ್ಮ ಅರ್ಜಿಗಳೆಲ್ಲ ನಿನ್ನ ಕೈಯಿಂದಲೇ ಹೋಗಬೇಕು. ಎರಡು ಸಾಲು ಶಿಫಾರಸು ಬರೆ. ಏಪ್ರಿಲಿನಲ್ಲಿ ಪರೀಕ್ಷೆ ಮುಗಿದ ಮೇಲೆ ಗಂಗೂನನ್ನು ಕರೆದುಕೊಂಡು ಹೋಗು. ಅವಳಿಗೆ ಹೇಳಬೇಕಾದದ್ದನ್ನು ನೀನೇ ಬಂದು ಹೇಳು. ನನ್ನಿಂದ ಆಗದು.

ಸೋನಾಬಾಯಿ


ಅಕ್ಕಲಕೋಟ
2 ಫೆಬ್ರುವರಿ 1957

ಸೋನಾ,

ನಿನ್ನ ಅರ್ಜಿಗೆ ಒಳ್ಳೆಯ ಶಿಫಾರಸು ಬರೆದು ಕಳಿಸಿದ್ದೇನೆ. ನಾನೂ ಅರ್ಜಿ ಹಾಕಿದ್ದೇನೆ. ಬೇರೆಯವರ ಬಾಯಿಂದ ಕೇಳುವ ಬದಲು ನನ್ನಿಂದಲೇ ತಿಳಿ ಎಂದು ಬರೆಯುತ್ತಿದ್ದೇನೆ.

ಸಿಟ್ಟಾಗಬೇಡ, ವಿಚಾರ ಮಾಡು. ನಿನಗೆ ಬಡ್ತಿ ಯಾರಿಗಾಗಿ ಬೇಕು? ಎರಡು ಹೊತ್ತಿನ ರೊಟ್ಟಿಗೆ ನಿನ್ನ ಪಗಾರ ಸಾಕು. ನನಗೆ ಮೂವರು. ನಿನ್ನ ಕಾಗದ ಓದಿದರೆ ನಾನೇನೋ ಹತ್ತು ವರ್ಷ ಹಬ್ಬ ಮಾಡುತ್ತ ಕೂತಿದ್ದೆ ಅನ್ನಬೇಕು. ಬಾಣಂತನ ಮುಗಿಯುವ ಮೊದಲೇ ಸಾಲಿಗೆ ಬಂದು, ಎದೆಹಾಲು ಸೆರಗಿಗೆ ಸೋರಿ, ನಾಲ್ಕನೆಯ ವರ್ಗದ ಹುಡುಗಿಯರು ಮುಸಿಮುಸಿ ನಕ್ಕದ್ದು ನನಗೆ ಗೊತ್ತು. ಠರಾವು ನಾನು ಬರೆದದ್ದಲ್ಲ. ಒಬ್ಬ ಹುಡುಗಿಗೆ ಜಡೆ ಹಾಕಿ ನೀನು ತಾಯ್ತನ ಪೂರಾ ತಿಳಿಯಿತು ಎಂದುಕೊಂಡಿದ್ದೀ.

ಗಂಗೂ ವಿಷಯ ಅವಸರ ಮಾಡಬೇಡ. ಮನೆಯಲ್ಲಿ ಜಾಗ ಸಾಲದು.

ಲಕ್ಷ್ಮೀ


ಹನ್ನೂರ
9 ಫೆಬ್ರುವರಿ 1957

ಹೆಡ್ ಬಾಯಿ,

ನಿನ್ನ ಅರ್ಜಿಗೂ ನೀನೇ ಶಿಫಾರಸು ಬರೆದೆಯಂತೆ. ಬಸಯ್ಯ ನಗುತ್ತ ಹೇಳಿದ. ಅದರಲ್ಲಿ ಏನಿದೆ ಎಂದೂ ಹೇಳಿದ: "ಮಕ್ಕಳು ಮೂವರು. ಮೂವರೂ ಅತ್ತೆಯವರ ಪೋಷಣೆಯಲ್ಲಿದ್ದಾರೆ. ಟ್ರೇನಿಂಗಿಗೆ ಅಡ್ಡಿ ಇಲ್ಲ."

ನಿನ್ನ ಧೈರ್ಯಕ್ಕೆ ನಾನು ಬೆರಗಾಗುವುದಿಲ್ಲ. ಅದಕ್ಕೆ ಬೇರೆ ಹೆಸರಿದೆ, ಬರೆದರೆ ಕಾಗದ ಹೊಲಸಾಗುತ್ತದೆ. ಊರು ಬೇಕಾದಾಗ ಮೂವರೂ ನಿನ್ನ ಮಡಿಲಲ್ಲಿ. ಟ್ರೇನಿಂಗ ಬೇಕಾದಾಗ ಮೂವರೂ ಅತ್ತೆಯ ಮಡಿಲಲ್ಲಿ. ನಡುವಿನವಳು ಮಾತ್ರ ಈಗ ನನ್ನ ಒಲೆಯ ಮುಂದೆ ಕೂತು, ರೊಟ್ಟಿಯ ಅಂಚು ಹರಿದು ಬೆಕ್ಕಿಗೆ ಹಾಕುತ್ತಿದ್ದಾಳೆ. ನಿನ್ನ ಅತ್ತೆಯ ಕೈ ಬಹಳ ಉದ್ದ ಇರಬೇಕು, ಅಲ್ಲಿಂದ ಹನ್ನೂರಿನವರೆಗೆ ಪೋಷಣೆ ಮುಟ್ಟಿಸುತ್ತಿದ್ದಾಳೆ.

ಸೆರಗಿನ ಮಾತು ಓದಿದೆ. ಅದು ನಿಜ, ಅದನ್ನು ನಾನು ತೆಗೆದುಹಾಕುವುದಿಲ್ಲ. ಆದರೆ ನೀನು ನನಗಿಂತ ಮೂರು ವರ್ಷ ಚಿಕ್ಕವಳು. ಮುಂದಿನ ವರ್ಷ ಹೋಗಬಹುದಿತ್ತು, ಅದರ ಮುಂದಿನ ವರ್ಷವೂ ಹೋಗಬಹುದಿತ್ತು. ನನಗೆ ಇದೊಂದೇ ಎಂದು ತಿಳಿದೇ ನೀನು ಅರ್ಜಿ ಬರೆದೆ.

ನನಗೆ ಬಡ್ತಿ ಯಾರಿಗಾಗಿ ಎಂದು ಕೇಳಿದ್ದೀ. ನನಗಾಗಿ. ಈ ಉತ್ತರ ನಿನಗೆ ಹೊಳೆಯಲೇ ಇಲ್ಲ, ಅದನ್ನೇ ನಾನು ಇಷ್ಟು ವರ್ಷದಿಂದ ಹೇಳುತ್ತಿದ್ದೇನೆ.

ಸೋನಾಬಾಯಿ


ಶಿಕ್ಷಣ ಕಚೇರಿ, ಅಕ್ಕಲಕೋಟ
6 ಏಪ್ರಿಲ 1957

ಸೋನಾಬಾಯಿ, ಹನ್ನೂರ ಕನ್ನಡ ಹೆಣ್ಣುಮಕ್ಕಳ ಶಾಲೆ, ಇವರಿಗೆ

ಮೇಲಿನ ಟ್ರೇನಿಂಗಿಗಾಗಿ ತಾವು ಸಲ್ಲಿಸಿದ ಅರ್ಜಿಯನ್ನು ವಿಚಾರ ಮಾಡಲಾಯಿತು. ದಿ. 19 ಮಾರ್ಚಿಗೆ ಸಮಕ್ಷಮ ಭೇಟಿಯಲ್ಲಿ ತಮ್ಮ ಶಾಲೆಯ ದಾಖಲೆ ಪುಸ್ತಕ ನೋಡಲಾಗಿ, ಗಂಗುಬಾಯಿ ಎಂಬ ಸಾಕುಮಗಳು ತಮ್ಮ ಪೋಷಣೆಯಲ್ಲಿ ಇರುವುದೂ, ಮನೆಯಲ್ಲಿ ಅವಳನ್ನು ನೋಡಿಕೊಳ್ಳುವ ಬೇರೆ ಯಾರೂ ಇಲ್ಲದಿರುವುದೂ ಕಂಡುಬಂದಿದೆ. ಆದ್ದರಿಂದ ಮಕ್ಕಳ ಹೊಣೆ ಇಲ್ಲವೆಂಬ ತಮ್ಮ ಹೇಳಿಕೆಯನ್ನು ಒಪ್ಪಲಾಗದು. ಸದರಿ ಜಾಗಕ್ಕೆ ಲಕ್ಷ್ಮೀಬಾಯಿ, ಹಂಗಾಮಿ ಹೆಡ್ ಬಾಯಿ, ಇವರನ್ನು ಆರಿಸಲಾಗಿದೆ. ಇವರ ಮಕ್ಕಳನ್ನು ನೋಡಿಕೊಳ್ಳಲು ಮನೆಯಲ್ಲಿ ಹಿರಿಯರಿದ್ದಾರೆ.

ತಕರಾರು ಇದ್ದಲ್ಲಿ ಹದಿನೈದು ದಿನದೊಳಗೆ ಪುರಾವೆ ಸಹಿತ ತಿಳಿಸತಕ್ಕದ್ದು.

ಅಣ್ಣಾರಾಯ
ಡೆಪ್ಯುಟಿ ಇನ್ಸ್‌ಪೆಕ್ಟರ


ಅಕ್ಕಲಕೋಟ
13 ಏಪ್ರಿಲ 1957

ಸೋನಾ,

ನಡೆದದ್ದರಲ್ಲಿ ನನ್ನ ಕೈವಾಡ ಇಲ್ಲ, ದೇವರಾಣೆ. ಆ ಪುಸ್ತಕವನ್ನು ದಿಪೋಟಿ ಸಾಹೇಬರು ತೆರೆದು ನೋಡುತ್ತಾರೆ ಎಂದು ಯಾರಿಗೆ ಗೊತ್ತಿತ್ತು? ಅವರು ಕೇಳಿದಾಗ ನೀನೂ ಸುಮ್ಮನೆ ನಿಂತೆಯಂತೆ. ಹಾಗೇಕೆ ನಿಂತೆ?

ಈಗ ಆದದ್ದು ಆಯಿತು. ನಿನ್ನ ಹತ್ತಿರ ನನ್ನ ಹಳೆಯ ಕಾಗದ ಒಂದಿದೆ, ಗಂಗೂನನ್ನು ಕಳಿಸುವಾಗ ಬರೆದದ್ದು. ಅದನ್ನು ಬಸಯ್ಯನ ಕೈಯಲ್ಲಿ ಲಕೋಟೆಯಲ್ಲಿ ಹಾಕಿ ಕಳಿಸು. ನಿನಗೆ ಅದರಿಂದ ಏನೂ ಉಪಯೋಗವಿಲ್ಲ.

ಗಂಗೂ ಇನ್ನು ಎರಡು ವರ್ಷ ನಿನ್ನ ಹತ್ತಿರವೇ ಇರಲಿ. ನಾನು ಸೋಲಾಪುರಕ್ಕೆ ಹೋದ ಮೇಲೆ ಅತ್ತೆಗೆ ಇಬ್ಬರನ್ನು ನೋಡುವುದೇ ಕಷ್ಟ. ಚಿಕ್ಕವನನ್ನೂ ನಿನ್ನ ಹತ್ತಿರ ಬಿಡುವ ಮಾತು ತೆಗೆದಿದ್ದೆ. ಅತ್ತೆ ಬೇಡವೆಂದರು. ಅವರ ಸ್ವಭಾವ ನಿನಗೆ ಗೊತ್ತು.

ನಿನ್ನ
ಲಕ್ಷ್ಮೀ


ಹನ್ನೂರ
16 ಏಪ್ರಿಲ 1957

ಲಕ್ಷ್ಮೀ,

ಹಾಗೇಕೆ ನಿಂತೆ ಎಂದು ಕೇಳಿದ್ದೀ. ಹೇಳುತ್ತೇನೆ.

ಅಣ್ಣಾರಾಯ ಸಾಹೇಬರು ಪುಸ್ತಕ ತಿರುವಿ ಹಾಕುತ್ತ ಗಂಗೂ ಹೆಸರಿಗೆ ಬಂದು ನಿಂತರು. ಅವಳನ್ನು ಎಬ್ಬಿಸಿದರು. "ಮನ್ಯಾಗ ಯಾರ್ಯಾರ ಇರ್ತೀರಿ?" ಎಂದರು. "ನಾನು, ಬಾಯಾರು, ಒಂದ ಬೆಕ್ಕ್ರಿ" ಎಂದಳು. "ಬಾಯಾರು ಸೋಲಾಪುರಕ್ಕ ಹೋದ್ರ ನಿನಗ ಯಾರ ನೋಡ್ಕೋತಾರ?" ಎಂದರು. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ಅವ್ರು ಹೋಗಂಗಿಲ್ರಿ" ಎಂದು ಖಾತ್ರಿಯಿಂದ ಹೇಳಿ ಕೂತುಬಿಟ್ಟಳು.

ಸಾಹೇಬರು ನನ್ನನ್ನು ನೋಡಿದರು. ಇವಳು ನನ್ನವಳಲ್ಲ ಎಂದು ಆಗ ಹೇಳಬೇಕಿತ್ತು. ನಲವತ್ತು ಹುಡುಗಿಯರ ಎದುರು, ಅವಳ ಎದುರು ಹೇಳಬೇಕಿತ್ತು. ಸಾಹೇಬರು ಪಟ್ಟಿಯಲ್ಲಿ ಏನೋ ಗೀಚಿಕೊಂಡು, ಚಹಾ ಕುಡಿದು, ಹೋದರು.

ನೋಡು ಎಷ್ಟು ಚೆಂದ. ಈ ಹುಡುಗಿ ನಿನ್ನ ಹೆಸರಿನಲ್ಲಿ ಇದ್ದಾಗ ಸವಲತ್ತು, ನನ್ನ ಹೆಸರಿಗೆ ಬಂದ ಕೂಡಲೇ ಅಡ್ಡಿ.

ನಿನ್ನ ಕಾಗದದಿಂದ ನನಗೆ ಉಪಯೋಗವಿಲ್ಲ ಎಂದೆಯಲ್ಲ, ಇದೆ. 12 ಜುಲೈ 1954, ನಿನ್ನ ಕೈಬರಹ, ನಿನ್ನ ಸಹಿ. ಪುರಾವೆ ಸಹಿತ ಎಂದು ಸಾಹೇಬರು ಕೇಳಿದ್ದಾರೆ. ಇಪ್ಪತ್ತೊಂದನೆಯ ತಾರೀಖಿನವರೆಗೆ ಅವಧಿ ಇದೆ. ಅರ್ಜಿ ಬರೆಯಲು ಕೂಡುತ್ತೇನೆ.

ಸೋನಾಬಾಯಿ


ಅಕ್ಕಲಕೋಟ
18 ಏಪ್ರಿಲ 1957

ಸೋನಾ,

ಆ ಕಾಗದ ಕಚೇರಿಗೆ ಹೋದರೆ ಟ್ರೇನಿಂಗ ಅಷ್ಟೇ ಅಲ್ಲ, ನನ್ನ ನೌಕರಿಯೇ ಹೋಗುತ್ತದೆ. ಇವರ ಅಡತಿ ಅಂಗಡಿ ಮುಚ್ಚುವ ಹಾಗಿದೆ, ಇದನ್ನು ಯಾರಿಗೂ ಹೇಳಿಲ್ಲ. ನಿನ್ನ ಕಾಲು ಹಿಡಿಯುತ್ತೇನೆ. ನೀನು ಕೇಳಿದರೆ ಗಂಗೂನನ್ನು ನಾಳೆಯೇ ಕರೆದುಕೊಂಡು ಬರುತ್ತೇನೆ, ಇಲ್ಲವೆಂದರೆ ಎಂದೂ ಕೇಳುವುದಿಲ್ಲ. ನೀನು ಹೇಗೆ ಹೇಳಿದರೆ ಹಾಗೆ.

ಲಕ್ಷ್ಮೀ


ಅಕ್ಕಲಕೋಟ
22 ಜುಲೈ 1957

ಸೌ. ಲಕ್ಷ್ಮೀಬಾಯಿಯವರಿಗೆ,
ಟ್ರೇನಿಂಗ ಕಾಲೇಜಿನ ವಸತಿಗೃಹ, ಸೋಲಾಪುರ

ಮೂರು ತಿಂಗಳು ನಾನು ಬರೆಯಲಿಲ್ಲ. ನೀವೂ ಬರೆಯಲಿಲ್ಲ. ಜೂನಿನಲ್ಲಿ ನಿಮ್ಮನ್ನು ಯಾರೂ ತಡೆಯದಿದ್ದಾಗ ನಿಮಗೆ ತಿಳಿದಿರಬೇಕು, ನನ್ನ ಅರ್ಜಿ ಹೋಗಲಿಲ್ಲ.

ಬರೆದದ್ದಂತೂ ನಿಜ. ದಪ್ಪ ಕಾಗದ ತರಿಸಿ, ಕಚೇರಿಯ ಭಾಷೆಯಲ್ಲಿ ಬರೆದೆ. "ಸದರಿ ಗಂಗುಬಾಯಿಗೂ ನನಗೂ ಯಾವುದೇ ಸಂಬಂಧ ಇರುವುದಿಲ್ಲ." ಈ ಸಾಲಿಲ್ಲದೆ ಅರ್ಜಿ ನಡೆಯುವುದಿಲ್ಲ. ಗಂಗೂ ಎದುರಿಗೆ ಕೂತು ಲೆಕ್ಕ ಮಾಡುತ್ತಿದ್ದಳು. "ಸದರಿ ಅಂದ್ರ ಏನ್ರಿ ಬಾಯಾರ?" ಎಂದಳು. ಏನಿಲ್ಲ ಎಂದೆ. ಅವಳು ಕತ್ತು ಹೊರಳಿಸಿ ಉಳಿದದ್ದನ್ನೂ ಓದಿದಳು. ಓದಲು ಕಲಿಸಿದವಳು ನಾನೇ, ಯಾರನ್ನು ಬೈಯಲಿ. ಪಾಟಿ ಒರೆಸಿ ಇಟ್ಟಳು. ಗೂಟದ ಮೇಲಿನ ತನ್ನ ಪರಕಾರ ತೆಗೆದು ಮಡಚಿದಳು, ಪೋಲಕ ಮಡಚಿದಳು, ಚೀಲ ಎಲ್ಲಿದೆ ಎಂದು ಕೇಳಿದಳು. ಅಳಲಿಲ್ಲ. ಅಳದಿರುವುದನ್ನು ಅವಳು ಎಲ್ಲಿ ಕಲಿತಳು ಎಂದು ನನಗೆ ಗೊತ್ತು.

ಆ ದಿನ ಅರ್ಜಿಯಿಂದಲೇ ಒಲೆ ಹೊತ್ತಿಸಿದೆ. ದಪ್ಪ ಕಾಗದ, ಚೆನ್ನಾಗಿ ಹತ್ತಿತು.

ಇದನ್ನು ತ್ಯಾಗ ಎಂದುಕೊಂಡು ಕಣ್ಣೊರೆಸಿಕೊಳ್ಳಬೇಡಿ. ನಿಮ್ಮ ಮೇಲೆ ಕರುಣೆಯಿಂದಲೂ ಮಾಡಲಿಲ್ಲ, ಅಡತಿ ಅಂಗಡಿಗಾಗಿಯೂ ಮಾಡಲಿಲ್ಲ. ಮೇ ತಿಂಗಳಲ್ಲಿ ನಾನು ಇನ್ನೊಂದು ಅರ್ಜಿ ಬರೆದೆ. "ನನಗೆ ಶಾಲೆಗೆ ಹೋಗುವ ಮಗಳಿದ್ದಾಳೆ. ಠರಾವಿನ ಪ್ರಕಾರ ನನ್ನನ್ನು ಹಳ್ಳಿಯಲ್ಲಿ ಇಡುವಂತಿಲ್ಲ. ಅಕ್ಕಲಕೋಟದಲ್ಲಿ ತೆರವಾಗುವ ಜಾಗ ಕೊಡಬೇಕು." ಪುರಾವೆಯಾಗಿ ಸಾಹೇಬರ ಆರನೆಯ ಏಪ್ರಿಲಿನ ಕಾಗದವನ್ನೇ ಲಗತ್ತಿಸಿದೆ. ಅವರು ಎರಡು ಸಲ ಓದಿದರು. "ನಿಮಗ ಮಕ್ಕಳೆಲ್ಲಿ ಅದಾವ್ರಿ ಬಾಯಾರ?" ಎಂದರು. "ಕೆಳಗ ನಿಮ್ಮ ಸಹಿನ ಐತ್ರಿ ಸಾಹೇಬರ" ಎಂದೆ. ಅಣ್ಣಾರಾಯರು ಯಾರ ಮಾತನ್ನು ಸುಳ್ಳೆಂದರೂ ತಮ್ಮ ಸಹಿಯನ್ನು ಸುಳ್ಳೆನ್ನುವ ಮನುಷ್ಯರಲ್ಲ.

ಜೂನಿನಿಂದ ನಿಮ್ಮ ಕುರ್ಚಿಯಲ್ಲಿ ಕೂಡುತ್ತಿದ್ದೇನೆ. ಒಂದು ಕಾಲು ಗಿಡ್ಡ ಇದೆ, ನೀವು ಎಂದೂ ಹೇಳಲಿಲ್ಲ. ಮೊದಲ ವಾರವೇ ಶಾರದಾಬಾಯಿ ಬಂದು, "ನಮ್ಮ ಹುಡುಗಗ ಜ್ವರ ಬಂದಾವ್ರಿ, ನನ್ನ ವರ್ಗ ನೀವ ನೋಡ್ಕೋರಿ" ಎಂದಳು. "ನನ್ನ ಮಗಳಿಗೂ ನೆಗಡಿ ಐತ್ರಿ" ಎಂದೆ. ಅವಳು ಬಾಯಿ ತೆರೆದು ನಿಂತಳು. ಆ ಮುಖ ನೋಡುವುದಕ್ಕೆ ಹತ್ತು ವರ್ಷ ಕಾದದ್ದು ದಂಡವಾಗಲಿಲ್ಲ. ಆಮೇಲೆ ಅವಳನ್ನು ಮನೆಗೆ ಕಳಿಸಿ, ಬದಲಿಗೆ ಸರದಿಯ ಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಮಕ್ಕಳಿದ್ದವರಿಗೂ ಇಲ್ಲದವರಿಗೂ ಒಂದೇ ಸರದಿ. ಮೊದಲ ಹೆಸರು ನನ್ನದು, ಅದನ್ನು ನೋಡಿ ಯಾರಿಗೂ ಗೊಣಗಲು ಆಗಲಿಲ್ಲ. ಇಷ್ಟು ಸಣ್ಣ ಕೆಲಸ. ಅರ್ಧ ಹಾಳೆ ಸಾಕಾಯಿತು.

ಎರಡು ವರ್ಷದ ಮೇಲೆ ನೀವು ಟ್ರೇನಿಂಗ ಮುಗಿಸಿ ಬರುತ್ತೀರಿ. ನಿಮ್ಮ ಮಕ್ಕಳು ಅತ್ತೆಯವರ ಪೋಷಣೆಯಲ್ಲಿ ಇರುವುದರಿಂದ ನಿಮ್ಮನ್ನು ಎಲ್ಲಿಗೆ ಹಾಕಿದರೂ ಅಡ್ಡಿಯಿಲ್ಲ ಎಂದು ಕಚೇರಿಯಲ್ಲಿ ನಿಮ್ಮ ಕೈಯಿಂದಲೇ ಬರೆದದ್ದಿದೆ. ಹನ್ನೂರ ಖಾಲಿ ಇದೆ. ಒಳ್ಳೆಯ ಊರು, ನೀರು ಸ್ವಲ್ಪ ದೂರ.

ಬರುವ ತಿಂಗಳು ನನಗೆ ಮೂವತ್ತೈದು ತುಂಬುತ್ತವೆ. ಟ್ರೇನಿಂಗ ಹೋಯಿತು, ಹೋದದ್ದೇ. ಹಂಗಾಮಿಯಾಗಿಯೇ ನಾನು ಮುದುಕಿಯಾಗುತ್ತೇನೆ. ಅದಕ್ಕೆ ಲಕ್ಷ್ಮೀ, ನಾನು ನಿನ್ನನ್ನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ.

ನಿಮ್ಮ 12 ಜುಲೈ 1954ರ ಕಾಗದ ಇದರ ಜೊತೆಗೆ ಇದೆ. ನಿಮಗೆ ಬೇಕಾಗಿತ್ತಲ್ಲ. ಇಟ್ಟುಕೊಂಡರೆ ಎಂದಾದರೂ ಯಾರ ಕೈಗಾದರೂ ಸಿಕ್ಕು ನಿಮ್ಮ ನೌಕರಿ ಹೋದೀತು. ಹರಿದುಹಾಕಿದರೆ, ಗಂಗೂ ನನ್ನವಳಲ್ಲ ಎಂದು ಹೇಳುವ ಕಾಗದ ಎಲ್ಲಿಯೂ ಉಳಿಯುವುದಿಲ್ಲ. ಯಾವುದು ಬೇಕೋ ನೀವೇ ನೋಡಿಕೊಳ್ಳಿ.

ಪಂಚಮಿಗೆ ನೀವು ಊರಿಗೆ ಬರುವುದಾದರೆ ಗಂಗೂ ನಿಮ್ಮ ಮನೆಗೆ ಬರುತ್ತಾಳೆ. ಎರಡು ದಿನ ಇರಬಹುದು. ಪಾಲಕರ ಅನುಮತಿ ಇದೆ.

ಸೋನಾಬಾಯಿ